ಉಸಿರಿಗೊಬ್ಬ ಒಡೆಯ ಬೇಕೇ?

ಮಾರ್ಫೀನ್ ಪ್ರಮಾಣ ಮಿತಿಮೀರಿದ ರೋಗಿಯಲ್ಲಿ ಅರಿವಳಿಕೆ ವೈದ್ಯರು ಒಂದು ವಿಚಿತ್ರವನ್ನು ಕಾಣುತ್ತಾರೆ. ಅಂಥ ರೋಗಿ ಎಷ್ಟೋ ಸಲ ಪೂರ್ತಿ ಎಚ್ಚರ ತಪ್ಪಿರುವುದಿಲ್ಲ. ಹೆಸರು ಹಿಡಿದು ಕರೆದರೆ ಕಣ್ಣು ಬಿಡುತ್ತಾನೆ, ಉಸಿರು ಎಳೆದುಕೊಳ್ಳಿ ಎಂದರೆ ಎಳೆದುಕೊಳ್ಳುತ್ತಾನೆ. ಹೇಳುವವರು ಸುಮ್ಮನಾದರೆ ಉಸಿರಾಟವೂ ನಿಧಾನವಾಗುತ್ತ ಹೋಗಿ, ನೋಡಿಕೊಳ್ಳುವವರಿಲ್ಲದಿದ್ದರೆ ನಿಂತೇಬಿಡುತ್ತದೆ. ಅವನ ಶ್ವಾಸಕೋಶ ಸರಿಯಿದೆ, ವಪೆ ಸರಿಯಿದೆ, ಇಚ್ಛೆಯೂ ಇದೆ. ಹೇಳದೆ ಕೇಳದೆ ನಡೆಯುತ್ತಿದ್ದ ಒಂದು ಕೆಲಸ ಮಾತ್ರ ನಿಂತಿದೆ. ಆ ಕೆಲಸ ಯಾರದು? ಕೇನೋಪನಿಷತ್ತು ತನ್ನ ಮೊದಲ ಮಂತ್ರದಲ್ಲೇ ಇದನ್ನು ಕೇಳುತ್ತದೆ: ಯಾರ ಪ್ರೇರಣೆಯಿಂದ ಪ್ರಾಣ ಹೊರಡುತ್ತದೆ ಎಂದು. ನಮ್ಮಲ್ಲಿ ಇದಕ್ಕೆ ಎರಡು ಉತ್ತರಗಳು ಸಿದ್ಧವಾಗಿರುತ್ತವೆ. ಯೋಚಿಸದೆ ಹೇಳುವವರ ಉತ್ತರ ‘ನಾನೇ ಉಸಿರಾಡುತ್ತೇನೆ’. ಭಕ್ತರ ಉತ್ತರ ‘ನನ್ನೊಳಗಿರುವ ಇನ್ನೊಬ್ಬ ಉಸಿರಾಡಿಸುತ್ತಾನೆ’. ಮಿದುಳುಕಾಂಡದ ಬಗ್ಗೆ ಕಳೆದ ಮೂರು ದಶಕಗಳಲ್ಲಿ ತಿಳಿದುಬಂದಿರುವುದನ್ನು ಎದುರಿಗಿಟ್ಟುಕೊಂಡು ನೋಡಿದರೆ ಮೊದಲನೆಯದು ತಪ್ಪು, ಎರಡನೆಯದು ಅನಗತ್ಯ ಎಂದು ನನಗೆ ಅನ್ನಿಸುತ್ತದೆ. ‘ನಾನಲ್ಲ’ ಎಂಬಷ್ಟೇ ನಿಜ, ಮತ್ತು ಧರ್ಮಕ್ಕೆ ಅಷ್ಟು ಸಾಕು.

ಉಸಿರಿನ ನೆಲೆಯನ್ನು ಹುಡುಕುವ ಕೆಲಸ ಹಳೆಯದು. ರೋಮನ್ ಕಾಲದ ವೈದ್ಯ ಗ್ಯಾಲೆನ್ ಪ್ರಾಣಿಗಳ ಬೆನ್ನುಹುರಿಯನ್ನು ಬೇರೆ ಬೇರೆ ಎತ್ತರದಲ್ಲಿ ಕತ್ತರಿಸಿ, ಕತ್ತಿನ ತುದಿಯಲ್ಲಿ ಕತ್ತರಿಸಿದರೆ ಉಸಿರು ನಿಲ್ಲುತ್ತದೆ, ಕೆಳಗೆ ಕತ್ತರಿಸಿದರೆ ವಪೆಯ ಚಲನೆ ಉಳಿಯುತ್ತದೆ ಎಂದು ತೋರಿಸಿದ್ದ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಫ್ರಾನ್ಸಿನ ಲೆಗಾಲ್ವಾ ಮೊಲಗಳ ಮಿದುಳನ್ನು ಮುಂದಿನಿಂದ ಹಿಂದಕ್ಕೆ ಸ್ವಲ್ಪಸ್ವಲ್ಪವಾಗಿ ಕೊಯ್ಯುತ್ತ ಹೋದ. ದೊಡ್ಡ ಮಿದುಳು ಹೋಯಿತು, ಕಿರುಮಿದುಳು ಹೋಯಿತು, ಮೊಲ ಉಸಿರಾಡುತ್ತಲೇ ಇತ್ತು. ಮಿದುಳುಕಾಂಡದ ಕೆಳತುದಿಯಾದ ಮೆಡುಲ್ಲಾದ ಒಂದು ನಿರ್ದಿಷ್ಟ ಮಟ್ಟಕ್ಕೆ ಚಾಕು ಬಂದಾಗ ಮಾತ್ರ ನಿಂತಿತು. ಅವನ ನಂತರ ಬಂದ ಫ್ಲೂರಾನ್ಸ್ ಆ ಜಾಗಕ್ಕೆ ‘ಜೀವದ ಗಂಟು’ ಎಂಬ ಅರ್ಥದ ಹೆಸರನ್ನೇ ಕೊಟ್ಟ. ಪ್ರಾಣಕ್ಕೊಂದು ಪೀಠ ಬೇಕೆಂಬ ಹಂಬಲ ಪ್ರಯೋಗಶಾಲೆಯ ಒಳಗೂ ಇತ್ತು ಎನ್ನುವುದಕ್ಕೆ ಈ ಹೆಸರೇ ಸಾಕ್ಷಿ. 1991ರಲ್ಲಿ ಜೆಫ್ರಿ ಸ್ಮಿತ್, ಜ್ಯಾಕ್ ಫೆಲ್ಡ್‌ಮನ್ ಮತ್ತು ಜೊತೆಗಾರರು ಹುಡುಕಾಟವನ್ನು ಇನ್ನಷ್ಟು ಬಿಗಿಗೊಳಿಸಿದರು. ಆಗತಾನೆ ಹುಟ್ಟಿದ ಇಲಿಮರಿಯ ಮೆಡುಲ್ಲಾದಿಂದ ಒಂದು ಮಿಲಿಮೀಟರಿಗಿಂತಲೂ ತೆಳುವಾದ ಬಿಲ್ಲೆಯನ್ನು ಕೊಯ್ದು ಪೋಷಕ ದ್ರವದಲ್ಲಿ ಇಟ್ಟರೆ, ಅದರಿಂದ ಹೊರಡುವ ನರದ ಬೇರುಗಳಲ್ಲಿ ಉಸಿರಿನ ಲಯ ತಾನೇ ತಾನಾಗಿ ಮಿಡಿಯುತ್ತಿತ್ತು. ಬಿಲ್ಲೆಯಲ್ಲಿದ್ದ ಆ ಪುಟ್ಟ ಜಾಗಕ್ಕೆ ಪ್ರಿ-ಬೋಟ್ಸಿಂಗರ್ ಸಂಕೀರ್ಣ ಎಂದು ಹೆಸರಾಯಿತು. ಅದರ ಪಕ್ಕದ ಭಾಗಕ್ಕೆ ಫೆಲ್ಡ್‌ಮನ್ ಹಿಂದೊಮ್ಮೆ ಜರ್ಮನಿಯಲ್ಲಿ ಊಟದ ಮೇಜಿನ ಮೇಲಿದ್ದ ವೈನ್ ಬಾಟಲಿಯ ಹೆಸರಿಟ್ಟಿದ್ದರು, ಅದೇ ಇಲ್ಲಿಗೂ ಅಂಟಿಕೊಂಡಿತು. ಜೀವದ ಗಂಟು ಎಂಬ ಭಾರದ ಹೆಸರಿಗಿಂತ ಇದೇ ವಾಸಿ. ಇದು ಯಾವುದನ್ನೂ ಪೂಜೆಗೆ ಕೂರಿಸುವುದಿಲ್ಲ.

ಆ ಜಾಗದಲ್ಲಿ ಕೆಲವೇ ಸಾವಿರ ನರಕೋಶಗಳಿವೆ. ಅವುಗಳಲ್ಲಿ ಯಾವುದು ಮೊದಲು ಹೊರಡುತ್ತದೆ, ಯಾವುದರ ಮಾತನ್ನು ಉಳಿದವು ಕೇಳುತ್ತವೆ ಎಂದು ಹುಡುಕಿದವರಿಗೆ ಒಬ್ಬ ಯಜಮಾನ ಸಿಗಲಿಲ್ಲ. ಸಿಕ್ಕಿದ್ದು ಕೊಡುಕೊಳ್ಳುವಿಕೆ. ಒಂದು ಕೋಶ ಗ್ಲುಟಮೇಟ್ ಎಂಬ ನರವಾಹಕವನ್ನು ಚೆಲ್ಲುತ್ತದೆ, ಪಕ್ಕದ ಕೋಶದ ಮೇಲಿರುವ ಗ್ರಾಹಕ ಅದನ್ನು ಹಿಡಿದುಕೊಂಡು ಬಾಗಿಲು ತೆರೆಯುತ್ತದೆ, ಆ ಕೋಶವೂ ಕೆರಳಿ ಇನ್ನೊಂದನ್ನು ಕೆರಳಿಸುತ್ತದೆ. ಹೀಗೆ ಅಲ್ಲೊಂದು ಇಲ್ಲೊಂದು ಮಿಡಿತವಿದ್ದದ್ದು ಒಟ್ಟು ಸೇರಿ ಏರಿ, ತುದಿ ಮುಟ್ಟಿ, ದಣಿದು ಇಳಿಯುತ್ತದೆ. ಆ ಏರಿಕೆಯೇ ಒಂದು ಒಳಉಸಿರು. ಈ ವಿವರಣೆಗೆ ಆಧಾರ ಗಟ್ಟಿಯಾಗಿದೆ: ಗ್ಲುಟಮೇಟಿನ ಆಂಪಾ ಎಂಬ ಗ್ರಾಹಕವನ್ನು ಔಷಧಿಯಿಂದ ಮುಚ್ಚಿದರೆ ಬಿಲ್ಲೆಯ ಲಯ ನಿಲ್ಲುತ್ತದೆ. ಅದೇ ಬಿಲ್ಲೆಯಲ್ಲಿ ಗ್ಲೈಸೀನ್, ಗಾಬಾ ಎಂಬ ತಡೆಯುವ ನರವಾಹಕಗಳ ಗ್ರಾಹಕಗಳನ್ನು ಮುಚ್ಚಿದರೆ ಲಯದ ರೂಪ ಬದಲಾಗಬಹುದು, ಲಯ ನಿಲ್ಲುವುದಿಲ್ಲ. 1999ರಲ್ಲಿ ಸಬ್‌ಸ್ಟೆನ್ಸ್ ಪಿ ಎಂಬ ಪೆಪ್ಟೈಡು ಇಲ್ಲಿನ ಕೋಶಗಳ ಎನ್‌ಕೆ-1 ಗ್ರಾಹಕದ ಮೂಲಕ ಲಯವನ್ನು ಚುರುಕುಗೊಳಿಸುತ್ತದೆ, ಅಫೀಮಿನ ಜಾತಿಯ ಮದ್ದುಗಳು ಮ್ಯೂ ಗ್ರಾಹಕದ ಮೂಲಕ ನಿಧಾನಗೊಳಿಸುತ್ತವೆ ಎಂದು ಗೊತ್ತಾಯಿತು. 2001ರಲ್ಲಿ ಎನ್‌ಕೆ-1 ಗ್ರಾಹಕವಿರುವ ಕೋಶಗಳನ್ನಷ್ಟೇ ಆರಿಸಿ ವಿಷವಿಟ್ಟು ಕೊಂದಾಗ ಇಲಿಗಳ ಉಸಿರು ತಾಳತಪ್ಪಿತು. ಕೆಲವು ಕೋಶಗಳಿಗಾದರೂ ಸ್ವಂತ ಮಿಡಿತವಿರಬೇಕೇ, ಬರೀ ಒಡನಾಟದಿಂದಲೇ ಲಯ ಹುಟ್ಟೀತೇ ಎಂಬ ಜಗಳ ತಜ್ಞರಲ್ಲಿ ಇನ್ನೂ ನಡೆದಿದೆ. ಆದರೆ ಎರಡೂ ಪಕ್ಷದವರು ಒಪ್ಪುವ ಮಾತೊಂದಿದೆ: ಉಳಿದವಕ್ಕೆಲ್ಲ ಅಪ್ಪಣೆ ಕೊಡುವ ಒಂದು ಕೋಶ ಅಲ್ಲಿಲ್ಲ.

ಮಾರ್ಫೀನಿನ ರೋಗಿಯ ವಿಷಯ ಇಲ್ಲಿ ಬಿಡಿಸಿಕೊಳ್ಳುತ್ತದೆ. ಮ್ಯೂ ಗ್ರಾಹಕ ನಮ್ಮ ದೇಹವೇ ತಯಾರಿಸುವ ಎಂಡಾರ್ಫಿನ್, ಎನ್‌ಕೆಫಾಲಿನ್‌ಗಳಿಗಾಗಿ ಇರುವಂಥದ್ದು. ಗಸಗಸೆ ಗಿಡದ ಹಾಲಿನಲ್ಲಿರುವ ಒಂದು ಅಣು ಆಕಸ್ಮಿಕವಾಗಿ ಅದಕ್ಕೆ ಹೊಂದುತ್ತದೆ. ಹೊಂದಿದಾಗ ಕೋಶದಿಂದ ಪೊಟ್ಯಾಸಿಯಂ ಹೊರಹರಿದು ಅದು ಮಂಕಾಗುತ್ತದೆ, ಪಕ್ಕದವಕ್ಕೆ ಕಳಿಸುವ ಗ್ಲುಟಮೇಟೂ ಕಡಿಮೆಯಾಗುತ್ತದೆ, ಒಟ್ಟುಗೂಡುವ ಏರಿಕೆ ಕೂಡಿಬರುವುದೇ ಇಲ್ಲ. ಹುಟ್ಟಿನಿಂದಲೇ ಮ್ಯೂ ಗ್ರಾಹಕವಿಲ್ಲದ ಇಲಿಗಳಲ್ಲಿ ಮಾರ್ಫೀನ್ ಉಸಿರನ್ನು ಕುಗ್ಗಿಸುವುದಿಲ್ಲ. ಮನುಷ್ಯರಲ್ಲಿ ನಲಾಕ್ಸೋನ್ ಎಂಬ ಮದ್ದು ಮಾರ್ಫೀನನ್ನು ಗ್ರಾಹಕದಿಂದ ಎಬ್ಬಿಸಿ ತಾನು ಕೂತರೆ ಕೆಲವೇ ನಿಮಿಷಗಳಲ್ಲಿ ಉಸಿರು ಮರಳುತ್ತದೆ. ಸೆರಟೋನಿನ್ ಕಥೆ ಇನ್ನೂ ಸೂಕ್ಷ್ಮ. ಅದಕ್ಕೆ ಹಲವು ಬಗೆಯ ಗ್ರಾಹಕಗಳಿವೆ, ಒಂದರ ಮೂಲಕ ಅದು ಉಸಿರನ್ನು ಎಬ್ಬಿಸುತ್ತದೆ, ಇನ್ನೊಂದರ ಮೂಲಕ ತಡೆಯುತ್ತದೆ. ಅವಧಿಗೆ ಮೊದಲೇ ಹುಟ್ಟಿದ ಕೂಸುಗಳು ನಡುನಡುವೆ ಉಸಿರು ಮರೆತಾಗ ವೈದ್ಯರು ಕೊಡುವ ಮದ್ದು ಕೆಫೀನ್. ಅಡೆನೊಸಿನ್ ಎಂಬುದರ ಗ್ರಾಹಕಗಳನ್ನು ಅದು ಮುಚ್ಚುತ್ತದೆ. ಚಿಕ್ಕಮಗಳೂರಿನ ಕಾಫಿ ಬೀಜದಲ್ಲಿರುವ ಅದೇ ವಸ್ತು. ನಿಟ್ಟುಸಿರನ್ನೇ ನೋಡಿ. ನಾವು ಅದನ್ನು ದುಃಖದ ಗುರುತು ಎಂದುಕೊಂಡಿದ್ದೇವೆ, ಕವಿಗಳ ಕೃಪೆ. ಆದರೆ ಕುಸಿದ ಗಾಳಿಗೂಡುಗಳನ್ನು ಮತ್ತೆ ತೆರೆಯಲು ಮನುಷ್ಯ ಸುಮಾರು ಐದು ನಿಮಿಷಕ್ಕೊಮ್ಮೆ ತನಗೇ ತಿಳಿಯದೆ ನಿಟ್ಟುಸಿರು ಬಿಡುತ್ತಿರುತ್ತಾನೆ. 2016ರಲ್ಲಿ ಇದಕ್ಕೆ ಕಾರಣವಾದ ಎರಡು ಪೆಪ್ಟೈಡುಗಳೂ ಅವುಗಳ ಗ್ರಾಹಕಗಳೂ ಗೊತ್ತಾದವು. ಇಲಿಗಳಲ್ಲಿ ಆ ಎರಡೂ ಗ್ರಾಹಕಗಳನ್ನು ಮುಚ್ಚಿದರೆ ಉಸಿರಾಟ ನಡೆಯುತ್ತದೆ, ನಿಟ್ಟುಸಿರು ಬರುವುದಿಲ್ಲ.

ಇಷ್ಟು ಕೇಳಿದ ಕೂಡಲೇ ಭೌತವಾದಿ ಗೆದ್ದೆನೆಂದು ಎದ್ದು ನಿಲ್ಲುತ್ತಾನೆ: ಉಸಿರಾಡಿಸುವುದು ಗ್ರಾಹಕ, ಪ್ರಾಣವೂ ಇಲ್ಲ ಗೀಣವೂ ಇಲ್ಲ ಎಂದು. ಅವಸರದ ಮಾತು ಇದು. ಕರ್ತೃವಿನ ಕುರ್ಚಿಯಿಂದ ಆತ್ಮವನ್ನು ಇಳಿಸಿ ಗ್ರಾಹಕವನ್ನು ಕೂರಿಸಿದರೆ ಕುರ್ಚಿ ಅಲ್ಲೇ ಉಳಿಯಿತು. ಒಂದೇ ಸೆರಟೋನಿನ್ ಎರಡು ಕಡೆ ಎರಡು ಬಗೆಯಲ್ಲಿ ನಡೆದುಕೊಳ್ಳುವುದಾದರೆ ಅದನ್ನು ಕರ್ತೃ ಎನ್ನುವುದು ಹೇಗೆ? ಗ್ರಾಹಕ ಒಂದು ಪ್ರೋಟೀನು. ಅದಕ್ಕೆ ಉಸಿರಿನ ಉದ್ದೇಶ ಗೊತ್ತಿಲ್ಲ, ಉಸಿರು ಎಂಬ ಕೆಲಸದ ಅರಿವೇ ಅದಕ್ಕಿಲ್ಲ. ಗಾಜಿನ ತಟ್ಟೆಯಲ್ಲಿ ಮಿಡಿಯುವ ಬಿಲ್ಲೆಯೂ ಉಸಿರಾಡುತ್ತಿಲ್ಲ: ಅದಕ್ಕೆ ಎದೆಯಿಲ್ಲ, ರಕ್ತವಿಲ್ಲ, ಹೊರಹಾಕಬೇಕಾದ ಇಂಗಾಲದ ಡೈಆಕ್ಸೈಡ್ ಹೊತ್ತು ಬರುವ ದೇಹವಿಲ್ಲ. ಲಯಕ್ಕೆ ಉಸಿರು ಎಂಬ ಅರ್ಥ ಬರುವುದು ಇಡೀ ಪ್ರಾಣಿಯಲ್ಲಿ, ಆ ಪ್ರಾಣಿ ಗಾಳಿಯಲ್ಲಿರುವಾಗ. ಆದ್ದರಿಂದ ಈ ಸಂಶೋಧನೆಗಳಿಂದ ನಾವು ಕಲಿಯಬೇಕಾದದ್ದು ‘ಕರ್ತೃ ಸಿಕ್ಕಿದ’ ಎಂದಲ್ಲ. ಕರ್ತೃವೇ ಇಲ್ಲದೆ ಒಂದು ಕ್ರಮಬದ್ಧ, ಉಪಯುಕ್ತ, ಜೀವನಪೂರ್ತಿ ಬಿಡುವಿಲ್ಲದ ಕೆಲಸ ನಡೆಯಬಹುದು ಎಂಬುದು ಕಣ್ಣೆದುರಿಗೆ ಸ್ಥಾಪಿತವಾಗಿದೆ. ತತ್ತ್ವಶಾಸ್ತ್ರಕ್ಕೆ ಇದು ಸಣ್ಣ ಸಂಗತಿಯಲ್ಲ. ಕೆಲಸವಿದ್ದಲ್ಲಿ ಕೆಲಸಗಾರನಿರಲೇಬೇಕು ಎಂಬ ಊಹೆಯ ಮೇಲೆ ಎಷ್ಟು ಮಾಳಿಗೆ ಕಟ್ಟಿದ್ದೇವೆ!

ಇಲ್ಲಿ ಯೋಗಾಭ್ಯಾಸಿಯೊಬ್ಬರು ಆಕ್ಷೇಪ ಎತ್ತಬಹುದು, ಎತ್ತಲೇಬೇಕು. ಕುಂಭಕ ಮಾಡುವಾಗ ಉಸಿರು ಕಟ್ಟುವುದು ನಾನೇ ಅಲ್ಲವೇ? ಮಾತಾಡುವಾಗ, ಹಾಡುವಾಗ, ಈಜುವಾಗ ಉಸಿರನ್ನು ಬೇಕಾದಂತೆ ಹಂಚಿಕೊಳ್ಳುವುದು ನಾನೇ ಅಲ್ಲವೇ? ಹೌದು. ದೊಡ್ಡ ಮಿದುಳಿನಿಂದ ಉಸಿರಿನ ಸ್ನಾಯುಗಳಿಗೆ ಇನ್ನೊಂದು ದಾರಿಯಿದೆ. ಆದರೆ ಅದು ಬೇರೆ ದಾರಿ ಎಂಬುದಕ್ಕೇ ರೋಗಗಳು ಸಾಕ್ಷಿ ನುಡಿಯುತ್ತವೆ. 1962ರಲ್ಲಿ ಸೆವೆರಿಂಗ್‌ಹಾಸ್ ಮತ್ತು ಮಿಚೆಲ್ ಎಂಬ ವೈದ್ಯರು ಶಸ್ತ್ರಚಿಕಿತ್ಸೆಯ ಬಳಿಕ ಎಚ್ಚರದಲ್ಲಿ ಹೇಳಿದರೆ ಉಸಿರಾಡುವ, ನಿದ್ದೆ ಹೋದರೆ ಉಸಿರಾಟ ನಿಲ್ಲಿಸುವ ಮೂವರು ರೋಗಿಗಳ ಬಗ್ಗೆ ಬರೆದರು. ಯುರೋಪಿನ ಜಲಕನ್ಯೆಯೊಬ್ಬಳ ಕಥೆಯನ್ನು ನೆನೆದು ಅದಕ್ಕೆ ಒಂಡೀನಳ ಶಾಪ ಎಂದರು. ಹುಟ್ಟಿನಿಂದಲೇ ಹೀಗಿರುವ ಮಕ್ಕಳಲ್ಲಿ ಫಾಕ್ಸ್-2ಬಿ ಎಂಬ ಜೀನು ಕೆಟ್ಟಿರುತ್ತದೆ ಎಂದು 2003ರಲ್ಲಿ ತಿಳಿಯಿತು. ಆ ಮಕ್ಕಳು ರಾತ್ರಿಯೆಲ್ಲ ಯಂತ್ರದ ಆಸರೆಯಲ್ಲಿ ಮಲಗಬೇಕು. ಇದಕ್ಕೆ ಉಲ್ಟಾ ಆದ ರೋಗಿಗಳೂ ಇದ್ದಾರೆ: ಮಿದುಳುಕಾಂಡದ ಮುಂಭಾಗ ಹಾನಿಗೊಂಡು ಬೇಕೆಂದಾಗ ಉಸಿರು ಎಳೆಯಲಾರರು, ಹಿಡಿಯಲಾರರು, ಆದರೆ ತಾನಾಗಿ ನಡೆಯುವ ಉಸಿರು ಗಡಿಯಾರದಂತೆ ನಡೆಯುತ್ತಿರುತ್ತದೆ. ಇಚ್ಛೆಯ ಉಸಿರಿಗೆ ಒಂದು ಗಡಿಯೂ ಇದೆ. ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರಿದಾಗ ಮೆಡುಲ್ಲಾದ ಸಂವೇದಕ ಕೋಶಗಳು ಲಯವನ್ನು ಎಷ್ಟು ಬಲವಾಗಿ ತಳ್ಳುತ್ತವೆಂದರೆ ಎಂಥ ಹಠಯೋಗಿಯೂ ಒಂದು ಹಂತದಲ್ಲಿ ಬಾಯಿ ತೆರೆಯಲೇಬೇಕು. ಅಭ್ಯಾಸದಿಂದ ಆ ಹಂತ ದೂರ ಸರಿಯುತ್ತದೆ, ಅಳಿದುಹೋಗುವುದಿಲ್ಲ. ಮಾನ್ವಿಯ ಜಗನ್ನಾಥದಾಸರ ಹರಿಕಥಾಮೃತಸಾರದಲ್ಲಿ ಶ್ವಾಸಸಂಧಿಯೂ ಇದೆ, ದತ್ತಸ್ವಾತಂತ್ರ್ಯಸಂಧಿಯೂ ಇದೆ. ಅಲ್ಲಿನ ದೈವಸಿದ್ಧಾಂತವನ್ನು ಒಪ್ಪದವರೂ ಜೀವಿಯ ಸ್ವಾತಂತ್ರ್ಯ ಸ್ವಂತದ್ದಲ್ಲ, ಕೊಟ್ಟಷ್ಟೇ ಎಂಬ ಆ ಲೆಕ್ಕ ಉಸಿರಿನ ಮಟ್ಟಿಗೆ ಎಷ್ಟು ಸರಿಯಾಗಿದೆ ಎಂದು ನೋಡಬೇಕು.

ಆದರೆ ಕೊಟ್ಟವನು ಯಾರು? ದ್ವೈತ ಸಂಪ್ರದಾಯದ ಉತ್ತರ ಸ್ಪಷ್ಟ: ಮುಖ್ಯಪ್ರಾಣ. ಜೀವಿಯೊಳಗೆ ನಿಂತು ದಿನಕ್ಕೆ 21,600 ಸಲ ಹಂಸಮಂತ್ರವನ್ನು ಉಸಿರಿನ ರೂಪದಲ್ಲಿ ಜಪಿಸುವವನು ವಾಯು. ಈ ಸಂಖ್ಯೆ ಯೋಗಗ್ರಂಥಗಳಲ್ಲೂ ಬರುತ್ತದೆ, ನಿಮಿಷಕ್ಕೆ 15ರಂತೆ. ವಯಸ್ಕರ ವಿಶ್ರಾಂತಿಯ ಉಸಿರು ನಿಮಿಷಕ್ಕೆ 12ರಿಂದ 20ರ ನಡುವೆ ಇರುವುದರಿಂದ ಹಿಂದಿನವರು ಎಣಿಸಿಯೇ ಹೇಳಿದ್ದಾರೆ ಅನ್ನಿಸುತ್ತದೆ, ಅದು ಮೆಚ್ಚಬೇಕಾದದ್ದೇ. ಆದರೆ ಹಸುಗೂಸು ಅದರ ಎರಡು ಮೂರು ಪಟ್ಟು ಉಸಿರಾಡುತ್ತದೆ, ಇಲಿ ಇನ್ನೂ ಎಷ್ಟೋ ಹೆಚ್ಚು. ಹಾಗಾಗಿ ಸಂಖ್ಯೆಯನ್ನು ದೈವಕ್ಕೆ ಪುರಾವೆ ಮಾಡಲಾಗದು. ಭಕ್ತರ ಗಟ್ಟಿಯಾದ ವಾದ ಬೇರೆಯಿದೆ: ಗ್ರಾಹಕಗಳು ಉಪಕರಣ ಮಾತ್ರ, ವೀಣೆಯ ತಂತಿ ಹರಿದರೆ ನಾದ ನಿಲ್ಲುತ್ತದೆ, ಅದರಿಂದ ವೈಣಿಕ ಇಲ್ಲವೆಂದಾಗುವುದಿಲ್ಲ. ಈ ವಾದವನ್ನು ತರ್ಕದಿಂದ ಮುರಿಯಲಾಗುವುದಿಲ್ಲ, ನಾನು ಪ್ರಯತ್ನಿಸುವುದೂ ಇಲ್ಲ. ಆದರೆ ಅದರ ಬೆಲೆ ಏನೆಂದು ಕೇಳಬಹುದು. ವೈಣಿಕನಿದ್ದರೆ ಅವನು ತಂತಿಗಳಿಂದ ವಿವರಿಸಲಾಗದ ಏನನ್ನಾದರೂ ವಿವರಿಸಬೇಕು: ರಾಗದ ಆಯ್ಕೆಯನ್ನೋ, ನಿಲ್ಲಿಸುವ ಮನಸ್ಸನ್ನೋ. ಉಸಿರಿನಲ್ಲಿ ಚುರುಕು, ನಿಧಾನ, ನಿಟ್ಟುಸಿರು, ಬಿಕ್ಕು, ನಿಲುಗಡೆ ಒಂದೊಂದಕ್ಕೂ ಉಪಕರಣದಲ್ಲೇ ಕಾರಣ ಸಿಗುತ್ತಿದೆ. ಪಕ್ಕದ ಕೋಣೆಯಲ್ಲಿ ಬೀಗ ಹಾಕಿಕೊಂಡು ಕೂತ ವೈಣಿಕ ಇರಬಹುದು. ಅವನಿಗೆ ನುಡಿಸುವ ಕೆಲಸ ಉಳಿದಿಲ್ಲ. ದೇವರನ್ನು ಶರೀರಶಾಸ್ತ್ರದ ಖಾಲಿ ಜಾಗಗಳಲ್ಲಿ ಇರಿಸುವವರು ಪ್ರತಿ ಹೊಸ ಸಂಶೋಧನೆಗೂ ಅವನನ್ನು ಇನ್ನೊಂದು ಮೂಲೆಗೆ ಸರಿಸಬೇಕಾಗುತ್ತದೆ. ಭಕ್ತಿಗೆ ಇದಕ್ಕಿಂತ ಅಗೌರವ ಬೇರಿಲ್ಲ.

ಹಳೆಯ ಗ್ರಂಥಗಳಲ್ಲೇ ಇದಕ್ಕಿಂತ ಎಚ್ಚರದ ದನಿಗಳಿವೆ. ಸಂಯುತ್ತ ನಿಕಾಯದಲ್ಲಿ ಮೋಲಿಯ ಫಗ್ಗುನ ಎಂಬ ಭಿಕ್ಷು ಬುದ್ಧನನ್ನು ಸಾಲಾಗಿ ಕೇಳುತ್ತಾನೆ, ಸ್ಪರ್ಶಿಸುವವನು ಯಾರು, ಅನುಭವಿಸುವವನು ಯಾರು, ಆಸೆಪಡುವವನು ಯಾರು ಎಂದು. ಪ್ರತಿ ಸಲವೂ ಬುದ್ಧ ಉತ್ತರ ಕೊಡುವ ಬದಲು ಪ್ರಶ್ನೆಯನ್ನೇ ತಿದ್ದುತ್ತಾನೆ: ಯಾರು ಎಂದು ಕೇಳಬೇಡ, ಯಾವುದು ಇದ್ದಾಗ ಇದು ಉಂಟಾಗುತ್ತದೆ ಎಂದು ಕೇಳು. ಉಸಿರಿನ ಶರೀರಶಾಸ್ತ್ರ ಮಾಡಿರುವುದು ಈ ತಿದ್ದುಪಡಿಯನ್ನೇ. ಉಪನಿಷತ್ತುಗಳು ಇದಕ್ಕೆ ವಿರೋಧ ಎಂದು ತಿಳಿಯುವುದೂ ಪೂರ್ತಿ ಸರಿಯಲ್ಲ. ಛಾಂದೋಗ್ಯ, ಬೃಹದಾರಣ್ಯಕಗಳಲ್ಲಿ ಇಂದ್ರಿಯಗಳು ಯಾರು ದೊಡ್ಡವರೆಂದು ಜಗಳವಾಡಿ, ಕಡೆಗೆ ಪ್ರಾಣ ಹೊರಡಲು ಎದ್ದಾಗ ಉಳಿದವೆಲ್ಲ ಕಿತ್ತುಬರುತ್ತವೆ. ಅಲ್ಲಿ ಪ್ರಾಣವೇ ಒಡೆಯ, ನಿಜ. ಆದರೆ ಕಠೋಪನಿಷತ್ತು ಮನುಷ್ಯ ಬದುಕುವುದು ಪ್ರಾಣದಿಂದಲೂ ಅಲ್ಲ ಅಪಾನದಿಂದಲೂ ಅಲ್ಲ, ಇವೆರಡೂ ಆತುಕೊಂಡಿರುವ ಬೇರೊಂದರಿಂದ ಎನ್ನುತ್ತದೆ. ಕೇನ ತಾನು ಎತ್ತಿದ ಪ್ರಶ್ನೆಗೆ ಹೆಸರಿರುವ ಒಬ್ಬನನ್ನು ತೋರಿಸುವುದಿಲ್ಲ; ಜನ ಉಪಾಸನೆ ಮಾಡುವ ಇದು ಅದಲ್ಲ ಎಂದು ಮತ್ತೆ ಮತ್ತೆ ಹೇಳುತ್ತದೆ. ಅದ್ವೈತಿಗಳು ಆ ‘ಬೇರೊಂದು’ ಚೈತನ್ಯ ಎನ್ನುತ್ತಾರೆ. ಇರಲಿ. ಆ ಚೈತನ್ಯ ಅವರ ಪ್ರಕಾರವೇ ಏನನ್ನೂ ಮಾಡುವುದಿಲ್ಲ, ಬರೀ ಸಾಕ್ಷಿ. ಮಾಡದ ಸಾಕ್ಷಿಗೂ ಮಾಡುವವರಿಲ್ಲದ ಮೆಡುಲ್ಲಾಕ್ಕೂ ಜಗಳವಿಲ್ಲ. ಜಗಳವಿರುವುದು ‘ನಾನು ಮಾಡುತ್ತೇನೆ’ ಎಂಬುದರ ಜೊತೆ. ಆ ಒಂದು ವಿಷಯದಲ್ಲಿ ಬೌದ್ಧರು, ವೇದಾಂತಿಗಳು, ದಾಸರು ಒಂದೇ ಪಕ್ಷ, ಈಗ ಶರೀರಶಾಸ್ತ್ರವೂ ಆ ಪಕ್ಷಕ್ಕೆ ಸೇರಿದೆ.

ಇಲ್ಲೊಂದು ಎಚ್ಚರಿಕೆ. 2017ರಲ್ಲಿ ಪ್ರಿ-ಬೋಟ್ಸಿಂಗರ್‌ನ ಕೋಶಗಳ ಒಂದು ಚಿಕ್ಕ ಗುಂಪು ಮಿದುಳಿನ ಎಚ್ಚರದ ಕೇಂದ್ರಕ್ಕೆ ಸುದ್ದಿ ಮುಟ್ಟಿಸುತ್ತದೆ, ಅದನ್ನು ತೆಗೆದರೆ ಇಲಿ ಶಾಂತವಾಗಿ ಕೂರುತ್ತದೆ ಎಂಬ ಸಂಶೋಧನೆ ಬಂದಾಗ, ಪ್ರಾಣಾಯಾಮವನ್ನು ವಿಜ್ಞಾನ ಒಪ್ಪಿತು ಎಂಬ ಉತ್ಸಾಹದ ಮಾತುಗಳು ಕೇಳಿಬಂದವು. ಕೋಶ ಕಳೆದುಕೊಂಡ ಇಲಿ ಪ್ರಾಣಾಯಾಮ ಮಾಡಲಿಲ್ಲ. ನಿಧಾನದ ಉಸಿರಿನಿಂದ ಮನಸ್ಸು ತಣಿಯುವುದಕ್ಕೆ ಇದೊಂದು ದಾರಿ ಇರಬಹುದು ಎಂಬಷ್ಟೇ ಅದರ ಸೂಚನೆ. ಶಾಸ್ತ್ರಕ್ಕೆ ಪ್ರಯೋಗಶಾಲೆಯ ಮುದ್ರೆ ಒತ್ತಿಸುವ ಈ ಆತುರದಲ್ಲಿ ಶಾಸ್ತ್ರವೂ ಸಣ್ಣದಾಗುತ್ತದೆ, ಪ್ರಯೋಗವೂ.

ಈ ಚರ್ಚೆ ಪಂಡಿತರ ಮನೆಯ ಜಗಲಿಗೆ ಮುಗಿಯುವುದಿಲ್ಲ, ಆಸ್ಪತ್ರೆಯ ತೀವ್ರನಿಗಾ ಘಟಕಕ್ಕೂ ಬರುತ್ತದೆ. ನಮ್ಮ ದೇಶದ 1994ರ ಅಂಗಾಂಗ ಕಸಿ ಕಾಯಿದೆ ಮಿದುಳುಕಾಂಡದ ಮರಣವನ್ನು ಮರಣವೆಂದು ಒಪ್ಪಿದೆ. ನಾಲ್ವರು ವೈದ್ಯರ ಮಂಡಳಿ ಕನಿಷ್ಠ ಆರು ಗಂಟೆಗಳ ಅಂತರದಲ್ಲಿ ಎರಡು ಸಲ ಪರೀಕ್ಷಿಸಬೇಕು. ಅದರಲ್ಲಿ ನಿರ್ಣಾಯಕವಾದದ್ದು ಉಸಿರಿನ ಪರೀಕ್ಷೆ: ವೆಂಟಿಲೇಟರ್ ಬಿಡಿಸಿ, ಆಮ್ಲಜನಕವನ್ನು ಕೊಳವೆಯಿಂದ ಕೊಡುತ್ತ, ರಕ್ತದ ಇಂಗಾಲದ ಡೈಆಕ್ಸೈಡ್ ಮಟ್ಟ 60 ಮಿಲಿಮೀಟರ್ ಪಾದರಸ ದಾಟುವವರೆಗೆ ಕಾದು ಎದೆ ಒಮ್ಮೆಯಾದರೂ ಏಳುತ್ತದೆಯೇ ಎಂದು ನೋಡುವುದು. ಹಾಸಿಗೆಯ ಪಕ್ಕದಲ್ಲಿ ನಿಂತ ಮನೆಯವರಿಗೆ ಕಾಣುವುದು ಬೇರೆ. ಯಂತ್ರ ಮತ್ತೆ ಜೋಡಿಸಿದ ಮೇಲೆ ಎದೆ ಏರಿಳಿಯುತ್ತಿದೆ, ಮೈ ಬೆಚ್ಚಗಿದೆ, ಪ್ರಾಣ ಇದೆಯಲ್ಲ ಎನ್ನುತ್ತಾರೆ. ಪ್ರಾಣವೆಂದರೆ ಗಾಳಿಯ ಓಡಾಟ ಎಂದುಕೊಂಡಿದ್ದರೆ ಅವರ ಮಾತು ಸರಿಯಾಗಬೇಕಿತ್ತು. ಆದರೆ ಅಲ್ಲಿ ಗಾಳಿಯಷ್ಟೇ ಓಡಾಡುತ್ತಿದೆ. ಆ ದೇಹ ತನಗೆ ಉಸಿರು ಬೇಕೆಂದು ಕೇಳುವುದನ್ನು ನಿಲ್ಲಿಸಿದೆ, ಇನ್ನು ಕೇಳುವುದಿಲ್ಲ. ಮಿದುಳುಕಾಂಡದ ಮರಣವನ್ನು ಮರಣವೆನ್ನಬಾರದು, ಹೃದಯ ಬಡಿಯುತ್ತಿದೆಯಲ್ಲ ಎಂದು ಗಂಭೀರವಾಗಿ ವಾದಿಸುವ ತತ್ತ್ವಜ್ಞಾನಿಗಳೂ ಇದ್ದಾರೆ. ಅವರ ಹಿಂಜರಿಕೆಗೆ ಬೆಲೆಯಿದೆ. ಆದರೆ ಹೃದಯವನ್ನು ಹೊರತೆಗೆದು ಕೆಲಹೊತ್ತು ಬಡಿಯುವಂತೆ ಇಡಬಹುದಾದ್ದರಿಂದ ಬಡಿತವೊಂದೇ ಒಬ್ಬ ವ್ಯಕ್ತಿ ಇದ್ದಾನೆ ಎಂಬುದಕ್ಕೆ ಸಾಕ್ಷಿಯಾಗಲಾರದು. ಕರ್ನಾಟಕದಲ್ಲಿ ಅಂಗದಾನದ ಕೆಲಸವನ್ನು ‘ಜೀವಸಾರ್ಥಕತೆ’ ನೋಡಿಕೊಳ್ಳುತ್ತದೆ. ಆ ಹೊತ್ತಿನಲ್ಲಿ ವೈದ್ಯರ ಮಾತಿಗಿಂತ ಮನೆಯವರ ಕಿವಿಗೆ ಬೇಗ ಮುಟ್ಟುವುದು ಗುರುಗಳ, ಪ್ರವಚನಕಾರರ ಮಾತು. ಪ್ರಾಣದ ಬಗ್ಗೆ ಗಂಟೆಗಟ್ಟಲೆ ಮಾತಾಡಬಲ್ಲ ಅವರು ವೆಂಟಿಲೇಟರಿನ ಗಾಳಿ ಪ್ರಾಣವಲ್ಲ ಎಂಬುದನ್ನೂ ವೇದಿಕೆಯ ಮೇಲೆ ನಿಂತು ಸ್ಪಷ್ಟವಾಗಿ ಹೇಳಲಿ.